ಕಣದಲ್ಲಿ ಟ್ರೈಪಾಡ್: ಗಾಲ್ಫ್ ಸ್ವಿಂಗ್ ಶೂಟ್ ಮಾಡೋಕೆ ತಂದ 1,450 ರೂಪಾಯಿ ಸ್ಟ್ಯಾಂಡ್

ಚಿಕ್ಕಮಗಳೂರು ಎಂ.ಜಿ. ರೋಡಿನ ಒಂದು ಮೊಬೈಲ್ ಸಾಮಾನಿನ ಅಂಗಡಿಯಲ್ಲಿ ಹೋದ ಸೆಪ್ಟೆಂಬರಿನಲ್ಲಿ 1,450 ರೂಪಾಯಿ ಕೊಟ್ಟು ಒಂದು ಟ್ರೈಪಾಡ್ ತಂದೆ. ಜೊತೆಗೆ ಬ್ಲೂಟೂತ್ ರಿಮೋಟ್ ಫ್ರೀ. ಏಳೆಂಟು ತಿಂಗಳಾಯಿತು, ವಾರಕ್ಕೆ ಮೂರು ನಾಲ್ಕು ದಿನ ಬಳಸಿದ್ದೇನೆ, ಅದೂ ನನ್ನ ಗಾಲ್ಫ್ ಸ್ವಿಂಗ್, ಅಂದರೆ ಕೋಲು ಬೀಸುವ ರೀತಿ, ನಾನೇ ಶೂಟ್ ಮಾಡಿಕೊಳ್ಳೋಕೆ. ರೀಲ್ಸ್ ಮಾಡುವವರಿಗೆ ಈ ರಿವ್ಯೂನಿಂದ ಉಪಯೋಗ ಕಡಿಮೆ, ರಿಂಗ್ ಲೈಟ್ ಗಿಂಗ್ ಲೈಟ್ ಏನೂ ಇದರಲ್ಲಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಟ್ ಆದ ಒಂದು ಅಂಕ ಒಂದು ರಬ್ಬರ್ ಬುಡದ ವಿಷಯ, ಅದನ್ನು ಕೊನೆಗೆ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದದ್ದು ಈ ಸ್ಟ್ಯಾಂಡನ್ನು ಎಲ್ಲಿ ಇಡುತ್ತೀರಿ ಅನ್ನೋದು. ನಾನು ಎರಡು ತಿಂಗಳು ತಪ್ಪು ಜಾಗದಲ್ಲಿ ಇಟ್ಟು, ಇಲ್ಲದ ಕಾಯಿಲೆಗೆ ಮದ್ದು ಕುಡಿದೆ.

ನಮ್ಮದು ಆಲ್ದೂರು ಕಡೆ ಸಣ್ಣ ಕಾಫಿ ತೋಟ. ನನಗೆ ಗಾಲ್ಫ್ ಹುಚ್ಚು ಹಿಡಿದದ್ದು 2021ರ ಆಗಸ್ಟಿನಲ್ಲಿ. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರಲ್ಲ, ಆ ಶನಿವಾರ ಬೆಳಗ್ಗೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಕರೆಂಟ್ ಹೋಗಿ ಬರುತ್ತಿತ್ತು, ರೂಲ್ಸ್ ಏನೂ ಗೊತ್ತಿಲ್ಲದೆ ಟಿ.ವಿ. ಮುಂದೆ ಕೂತು ನಾನೂ ನಮ್ಮ ಅತ್ತೆಯೂ ಕೈ ಹಿಸುಕಿಕೊಂಡೆವು. ನಮ್ಮ ಮನೆಯವರ ಹತ್ತಿರ ಕ್ಲಬ್ಬುಗಳ, ಅಂದರೆ ಗಾಲ್ಫ್ ಕೋಲುಗಳ, ಹಳೆಯದೊಂದು ಸೆಟ್ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅಲ್ಲಿಂದ ಶುರು. ಕೋಚ್ ಇರೋದು ಬೆಂಗಳೂರಿನಲ್ಲಿ, ಮೂರು ತಿಂಗಳಿಗೊಮ್ಮೆ ಹೋಗಿ ಒಂದು ಗಂಟೆ ಪಾಠ ಹೇಳಿಸಿಕೊಂಡು ಬರುತ್ತೇನೆ. ಉಳಿದ ದಿನ ವಾಟ್ಸಾಪ್. 'ವಿಡಿಯೋ ಕಳಿಸಿ ಮೇಡಂ, ನೋಡಿ ಹೇಳ್ತೀನಿ' ಅನ್ನುತ್ತಾರೆ. ಅಲ್ಲಿಗೆ ವಿಡಿಯೋ ತೆಗೆಯೋರು ಯಾರು ಅನ್ನೋ ಪ್ರಶ್ನೆ ಬಂತು.

ಮೊದಲು ಮನೆಯವರನ್ನೇ ಹಿಡಿದುಕೊಂಡೆ. ಇವರು ಫೋನ್ ಹಿಡಿದರೆ ಬಾಲ್ ಹೋದ ಕಡೆಗೆ ಫೋನ್ ಕೂಡ ಹೋಗುತ್ತದೆ, ಹೊಡೆದ ನಾನು ಫ್ರೇಮಿನಲ್ಲೇ ಇಲ್ಲ. ಮಗಳು ಚೆನ್ನಾಗಿ ತೆಗೆಯುತ್ತಾಳೆ, ಆದರೆ ಹತ್ತು ಹೊಡೆತಕ್ಕೆ ಇಷ್ಟು ಅಂತ ರೇಟ್ ಹೇಳುತ್ತಾಳೆ. ತೋಟದ ಲೆಕ್ಕ ಬರೆಯುವ ರೈಟರಿಗೆ ಒಮ್ಮೆ ಕೊಟ್ಟೆ, ಪಾಪ ಅವರು ನನ್ನ ಮುಖವನ್ನು ಮಾತ್ರ ತುಂಬಾ ಭಕ್ತಿಯಿಂದ ತೆಗೆದಿದ್ದರು, ಕ್ಲಬ್ಬು ಎಲ್ಲೂ ಕಾಣಲಿಲ್ಲ. ಅದೂ ಅಲ್ಲದೆ ಯಾರಾದರೂ ಫೋನ್ ಹಿಡಿದು ನಿಂತಿದ್ದಾರೆ ಅಂದರೆ ನಮ್ಮ ಸ್ವಿಂಗೇ ಬೇರೆ ಆಗುತ್ತದೆ, ಗಮನಿಸಿದ್ದೀರಾ? ಹೊಟ್ಟೆ ಒಳಗೆಳೆದುಕೊಂಡು ಹೊಡೆಯುತ್ತೇವೆ.

ಹಾಗಾಗಿ ಹೋದ ಮಳೆಗಾಲದಲ್ಲಿ ಆನ್‌ಲೈನಿನಲ್ಲಿ 349 ರೂಪಾಯಿಗೆ ಒಂದು ಸ್ಟ್ಯಾಂಡ್ ತರಿಸಿದೆ. ಕಾಲು ಬಳುಕುವ ಜಾತಿಯದು. ಖಾಲಿ ಗೋಡೌನಿನಲ್ಲಿ ಬಲೆ ಕಟ್ಟಿ, ಮ್ಯಾಟ್ ಹಾಸಿ, ಈ ಸ್ಟ್ಯಾಂಡನ್ನು ಎರಡು ಗೋಣಿಚೀಲದ ಮೇಲೆ ಕೂರಿಸಿ ಶುರು ಮಾಡಿದರೆ, ಮೊದಲ ಮೂರು ಹೊಡೆತಕ್ಕೆ ಸರಿಯಾಗಿ ನೋಡುತ್ತಿದ್ದ ಫೋನು ನಾಲ್ಕನೆಯದಕ್ಕೆ ನಿಧಾನವಾಗಿ ತಲೆ ಬಗ್ಗಿಸುತ್ತದೆ, ಸಭೆಯಲ್ಲಿ ತೂಕಡಿಸುವ ಹಿರಿಯರ ಹಾಗೆ. ಆರನೆಯ ಹೊಡೆತಕ್ಕೆ ಬರೀ ನನ್ನ ಶೂ. ಪ್ಲಾಸ್ಟಿಕ್ ಗೋಲಿಯ ಜಾಯಿಂಟಿಗೆ ಈಗಿನ ಫೋನಿನ ಭಾರ ತಡೆಯೋ ಶಕ್ತಿ ಇಲ್ಲ, ಅಷ್ಟೇ ವಿಷಯ. ವಾಪಸ್ ಕೊಡೋ ದಿನ ಮುಗಿದು ಹೋಗಿತ್ತು. ಈಗ ಅದರಲ್ಲಿ ಅತ್ತೆ ವಿಡಿಯೋ ಕಾಲ್ ಮಾಡುತ್ತಾರೆ, ಅವರಿಗೆ ತೊಂದರೆ ಇಲ್ಲ, ಮಾತಾಡುತ್ತಾ ತಾವೂ ಬಗ್ಗುತ್ತಾರೆ.

ಅಂಗಡಿ ವಿಷಯಕ್ಕೆ ಬರುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ಹುಡುಗ 'ರೀಲ್ಸಾ ಮೇಡಂ?' ಅಂದ. ಗಾಲ್ಫ್ ಅಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಒಂದು ಒಳ್ಳೆ ಕೆಲಸ ಮಾಡಿದ, ನಾಲ್ಕು ಸ್ಟ್ಯಾಂಡನ್ನು ಬಿಚ್ಚಿ ಕೌಂಟರಿನ ಮುಂದೆ ನೆಲದ ಮೇಲೆ ಸಾಲಾಗಿ ನಿಲ್ಲಿಸಿದ. ನಾನು ನನ್ನ ಫೋನನ್ನು ಒಂದೊಂದಕ್ಕೂ ಸಿಕ್ಕಿಸಿ ಪಕ್ಕದಲ್ಲಿ ಎರಡು ಸಲ ಕಾಲು ಕುಟ್ಟಿದೆ. ಮೂರು ಗಡಗಡ ನಡುಗಿದವು. ಒಂದು ನಡುಗಿ ಬೇಗ ಸುಮ್ಮನಾಯಿತು. ಅದನ್ನೇ ತಗೊಂಡೆ. 1,600 ಹೇಳಿದ್ದ, 1,450ಕ್ಕೆ ಬಂದ. ಆನ್‌ಲೈನಿನಲ್ಲಿ ಇನ್ನೂ ಕಡಿಮೆಗೆ ಸಿಗಬಹುದು, ಆದರೆ ಕಾಲು ಕುಟ್ಟಿ ನೋಡೋಕೆ ಆಗೋದಿಲ್ಲ ಅಲ್ವಾ. ಒಂದು ತಿಂಗಳಾದ ಮೇಲೆ ಫೋನ್ ಹಿಡಿಯುವ ಕ್ಲಿಪ್ಪಿನ ಸ್ಪ್ರಿಂಗ್ ಸಡಿಲವಾಯಿತು ಅಂತ ತಗೊಂಡು ಹೋದಾಗ ಬಿಲ್ ಕೂಡ ಕೇಳದೆ ಬೇರೆ ಕ್ಲಿಪ್ ಕೊಟ್ಟರು. ಅಂಗಡಿಗೆ ಐದಕ್ಕೆ ಐದು.

ಸ್ಟ್ಯಾಂಡ್ ಹೇಗಿದೆ ಅಂದರೆ: ಅಲ್ಯೂಮಿನಿಯಂ ಕಾಲು, ಒಂದೊಂದರಲ್ಲೂ ಮೂರು ಮಡಿಕೆ, ಚಿಮ್ಮಿ ಮುಚ್ಚುವ ಪ್ಲಾಸ್ಟಿಕ್ ಲಾಕ್. ಪೂರ್ತಿ ಎಳೆದರೆ ನನ್ನ ಗಲ್ಲದ ಮಟ್ಟಕ್ಕೆ ಬರುತ್ತದೆ, ಆದರೆ ಗಾಲ್ಫಿಗೆ ಅಷ್ಟು ಬೇಡವೇ ಬೇಡ. ತಲೆಯ ಹತ್ತಿರ ಒಂದು ಪುಟ್ಟ ರಸಮಟ್ಟದ ಗುಳ್ಳೆ ಇದೆ, ಗಾರೆ ಕೆಲಸದವರ ಹತ್ತಿರ ಇರುತ್ತದಲ್ಲ ಅದೇ ಥರ. ಮೊದಲು ಇದೇನು ಅಲಂಕಾರ ಅಂದುಕೊಂಡಿದ್ದೆ. ನಮ್ಮ ಕಡೆ ಸಮತಟ್ಟಾದ ನೆಲ ಅಂತ ಎಲ್ಲಿದೆ ಹೇಳಿ, ಕಾಫಿ ಒಣಗಿಸುವ ಕಣ ಕೂಡ ನೀರು ಹರಿದು ಹೋಗಲಿ ಅಂತ ಒಂದು ಕಡೆ ಇಳಿಜಾರು ಇರುತ್ತದೆ. ಗುಳ್ಳೆ ನಡುವಿಗೆ ಬರೋ ತನಕ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಮಾಡಿದರೆ ಫೋನು ನೆಟ್ಟಗೆ ನಿಲ್ಲುತ್ತದೆ. ಫೋನ್ ವಾಲಿದ್ದರೆ ವಿಡಿಯೋದಲ್ಲಿ ನಿಮ್ಮ ಬೆನ್ನೂ ವಾಲಿದ ಹಾಗೇ ಕಾಣುತ್ತದೆ, ಆಮೇಲೆ ಅದನ್ನು ಸರಿ ಮಾಡೋಕೆ ಹೊರಡುತ್ತೀರಿ. ಇನ್ನು ನಡುವಿನ ಕಂಬದ ಕೆಳಗೆ ಒಂದು ಕೊಕ್ಕೆ ಇದೆ. ಗಾಳಿ ಇರುವಾಗ ಅದಕ್ಕೆ ಎರಡು ಕೇಜಿ ಒಣ ಕಾಫಿ ಚೆರ್ರಿ ತುಂಬಿದ ಕೈಚೀಲ ತೂಗುಹಾಕುತ್ತೇನೆ. ಅಲ್ಲಾಡೋದಿಲ್ಲ. ಕ್ಲಿಪ್ಪಿನ ತಿರುಪು ಕ್ಯಾಮೆರಾಗಳಿಗೆಲ್ಲ ಬರುವ ಕಾಲಿಂಚಿನ ತಿರುಪೇ, ಹಾಗಾಗಿ ಕ್ಲಿಪ್ ಹೋದರೆ ಬೇರೆ ಯಾವ ಕಂಪನಿಯದಾದರೂ ಕೂರುತ್ತದೆ.

ಈಗ ಫೋನು. ನಿಮ್ಮದು ಯಾವ ಫೋನಾದರೂ ಆಗಿರಲಿ, ಸ್ಲೋ ಮೋಷನ್ ಹಾಕದೆ ಸ್ವಿಂಗ್ ತೆಗೆದರೆ ಸುಮ್ನೆ ಬ್ಯಾಟರಿ ದಂಡ. ಲೆಕ್ಕ ನೋಡಿ. ಮೇಲಿಂದ ಕೆಳಗೆ ಕ್ಲಬ್ಬು ಬಂದು ಬಾಲಿಗೆ ತಾಗೋಕೆ ಹೆಚ್ಚು ಕಡಿಮೆ ಕಾಲು ಸೆಕೆಂಡು. ಸಾಮಾನ್ಯ ವಿಡಿಯೋ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ, ಅಂದರೆ ಆ ಇಡೀ ಇಳಿತಕ್ಕೆ ನಿಮಗೆ ಸಿಗೋದು ಏಳೋ ಎಂಟೋ ಚಿತ್ರ. ಕ್ಲಬ್ಬಿನ ತಲೆ ಗಂಟೆಗೆ 120 ಕಿ.ಮೀ. ವೇಗದಲ್ಲಿ ಬರುತ್ತಿದೆ ಅಂತ ಇಟ್ಟುಕೊಂಡರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅದು ಒಂದು ಮೀಟರಿಗಿಂತ ಜಾಸ್ತಿ ಓಡಿರುತ್ತದೆ. ನಮಗೆ ಬೇಕಾದದ್ದೆಲ್ಲ ಆ ಒಂದು ಮೀಟರಿನಲ್ಲೇ ಇರುತ್ತದೆ. 240 ಫ್ರೇಮಿಗೆ ಹಾಕಿದರೆ ಅದೇ ಇಳಿತಕ್ಕೆ ಸುಮಾರು 60 ಚಿತ್ರ, ಎರಡು ಚಿತ್ರದ ನಡುವೆ ಹದಿನಾಲ್ಕು ಸೆಂಟಿಮೀಟರ್. ಆಗ ನೋಡೋಕೆ ಏನಾದರೂ ಸಿಗುತ್ತದೆ. 120 ಇದ್ದರೂ ಕೆಲಸ ನಡೆಯುತ್ತದೆ. ಅದಕ್ಕಿಂತ ದೊಡ್ಡ ಸಂಖ್ಯೆ ಹೇಳುವ ಫೋನುಗಳಲ್ಲಿ ಕೆಲವು ನಡುವಿನ ಚಿತ್ರಗಳನ್ನು ತಾವೇ ಊಹಿಸಿ ತುಂಬುತ್ತವೆ, ಚಂದ ಕಾಣುತ್ತದೆ, ಆದರೆ ಅದು ನಿಮ್ಮ ಸ್ವಿಂಗ್ ಅಲ್ಲ, ಫೋನಿನ ಕಲ್ಪನೆ. ಆಮೇಲೆ ಬಾಲಿಗೆ ತಾಗುವ ಆ ಕ್ಷಣ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಕ್ಲಬ್ಬು ಬಾಲು ಒಂದಕ್ಕೊಂದು ಅಂಟಿಕೊಂಡಿರೋದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. 240ರಲ್ಲೂ ಒಂದು ಫ್ರೇಮಿನಲ್ಲಿ ಬಾಲ್ ಇರುತ್ತದೆ, ಮುಂದಿನದರಲ್ಲಿ ಇರೋದಿಲ್ಲ. ನಾನು ಹತ್ತಿಪ್ಪತ್ತು ವಿಡಿಯೋ ಹಿಂದೆ ಮುಂದೆ ಎಳೆದು ಹುಡುಕಿದ ಮೇಲೆ ಇದು ತಲೆಗೆ ಹೋಯಿತು.

ಇನ್ನೊಂದು ತಮಾಷೆ. ಮೊದಲ ಸಲ ಡ್ರೈವರ್ ಅನ್ನೋ ಉದ್ದದ ಕ್ಲಬ್ಬಿನಲ್ಲಿ ಹೊಡೆದ ವಿಡಿಯೋ ನೋಡಿ ಇವರು 'ಅಯ್ಯೋ, ಕ್ಲಬ್ ಬಗ್ಗಿಸಿಟ್ಟಿದ್ದೀಯಲ್ಲೇ' ಅಂದರು. ನಿಜವಾಗಿಯೂ ಬಿಲ್ಲಿನ ಹಾಗೆ ಬಗ್ಗಿತ್ತು, ವಿಡಿಯೋದಲ್ಲಿ. ಗೋಡೌನಿಗೆ ಹೋಗಿ ಕ್ಲಬ್ ತೆಗೆದು ಕಣ್ಣಿಗೆ ಹಿಡಿದು ನೋಡಿದೆ, ನೆಟ್ಟಗಿದೆ. ಫೋನಿನ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಏಟಿಗೆ ತೆಗೆಯೋದಿಲ್ಲ, ಸಾಲು ಸಾಲಾಗಿ ಓದುತ್ತಾ ಹೋಗುತ್ತದೆ. ಮೊದಲ ಸಾಲು ಓದಿ ಕೊನೆ ಸಾಲಿಗೆ ಬರೋ ಹೊತ್ತಿಗೆ ಕ್ಲಬ್ಬು ಮುಂದೆ ಹೋಗಿರುತ್ತದೆ, ಹಾಗಾಗಿ ನೆಟ್ಟಗಿನ ಕೋಲು ಬಾಳೆಹಣ್ಣಿನಂತೆ ಕಾಣುತ್ತದೆ. ಶಾಫ್ಟ್, ಅಂದರೆ ಕ್ಲಬ್ಬಿನ ಕೋಲು, ಸ್ವಲ್ಪ ಬಳುಕೋದು ನಿಜವೇ, ಆದರೆ ಅಷ್ಟೊಂದು ಅಲ್ಲ. ಹಾಗಾಗಿ ವಿಡಿಯೋ ನೋಡಿ 'ನನ್ನ ಶಾಫ್ಟ್ ಮೆತ್ತಗಾಯಿತು' ಅಂತ ಹೊಸದು ಕೊಳ್ಳೋಕೆ ಹೊರಡಬೇಡಿ.

ಬೆಳಕಿನ ವಿಷಯ ನಮ್ಮ ಮಲೆನಾಡಿನವರಿಗೆ ಸ್ವಲ್ಪ ತಲೆನೋವು. ಫ್ರೇಮ್ ಜಾಸ್ತಿಯಾದಷ್ಟೂ ಒಂದೊಂದಕ್ಕೆ ಸಿಗುವ ಬೆಳಕು ಕಡಿಮೆ. ಜುಲೈ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಗೋಡೌನಿನಲ್ಲಿ 240 ಹಾಕಿದರೆ ಕಾಣೋದು ರಾಗಿ ಹಿಟ್ಟು ಎರಚಿದ ಹಾಗೆ ಕಾಳು ಕಾಳು, ಅದರ ನಡುವೆ ನಾನು. ಟ್ಯೂಬ್‌ಲೈಟ್ ಹಾಕಿದೆ. ಆಗ ವಿಡಿಯೋ ಪೂರ್ತಿ ಮಿಣುಕು ಮಿಣುಕು, ಕತ್ತಲು ಬೆಳಕು ಕತ್ತಲು ಬೆಳಕು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ, ಹಾಗಾಗಿ ಹಳೆ ಟ್ಯೂಬು 100 ಸಲ ಮಿನುಗುತ್ತದೆ, ನಮ್ಮ ಕಣ್ಣಿಗೆ ಗೊತ್ತಾಗೋದಿಲ್ಲ, ನಿಧಾನ ಮಾಡಿದ ಫೋನು ಅದನ್ನೆಲ್ಲ ತೋರಿಸಿಬಿಡುತ್ತದೆ. ದೊಡ್ಡ ಬಾಗಿಲು ಪೂರ್ತಿ ತೆಗೆದು, ಟ್ಯೂಬ್ ಆರಿಸಿ, 120ಕ್ಕೆ ಇಳಿಸಿದೆ. ಸುಮಾರಾಗಿ ಬಂತು. ಮಳೆ ಬಿಟ್ಟ ಮೇಲೆ ಕಣಕ್ಕೆ ಬಂದೆ, ಈ ಹೊಸ ಸ್ಟ್ಯಾಂಡ್ ಕೂಡ ಅದೇ ಹೊತ್ತಿಗೆ ಬಂತು, ಅಬ್ಬಾ ಅನ್ನಿಸಿತು. ಬಿಸಿಲು ಫೋನಿನ ಬೆನ್ನಿಗೆ ಇರಬೇಕು, ಎದುರಿಗಿದ್ದರೆ ನೀವು ಬರೀ ಕಪ್ಪು ನೆರಳು.

ಇನ್ನು ನನ್ನ ಎರಡು ತಿಂಗಳು ಹಾಳಾದ ಕಥೆ.

ಸ್ವಿಂಗನ್ನು ಮುಖ್ಯವಾಗಿ ಎರಡು ಕಡೆಯಿಂದ ತೆಗೆಯುತ್ತಾರೆ. ಒಂದು ನಿಮ್ಮ ಎದೆಗೆ ಎದುರಾಗಿ. ಇನ್ನೊಂದು ನಿಮ್ಮ ಬಲಗೈ ಪಕ್ಕದಿಂದ, ಬಾಲ್ ಹೋಗಬೇಕಾದ ದಿಕ್ಕಿಗೆ ನೋಡುತ್ತಾ, ಇದಕ್ಕೆ ಡೌನ್ ದಿ ಲೈನ್ ಅನ್ನುತ್ತಾರೆ. ನಮ್ಮ ಕಣದಲ್ಲಿ ಬಲೆ ಕಟ್ಟಿದ್ದು ಒಂದು ಮೂಲೆಗೆ. ಹಿಂದೆ ಸರಿಯಾದ ಜಾಗದಲ್ಲಿ ಒಂದು ಚರಂಡಿ, ಅದರಾಚೆ ದರೆ. ಹಾಗಾಗಿ ಸ್ಟ್ಯಾಂಡನ್ನು ಎಡಕ್ಕೆ ಸರಿಸಿ ಜಗಲಿ ಮೆಟ್ಟಿಲ ಹತ್ತಿರ ಇಟ್ಟು, ಫೋನನ್ನು ಸ್ವಲ್ಪ ಬಲಕ್ಕೆ ತಿರುಗಿಸಿದೆ. ನಾನು ಪೂರ್ತಿ ಕಾಣುತ್ತಿದ್ದೆ, ಇನ್ನೇನು ಬೇಕು ಅಂದುಕೊಂಡೆ. ವಿಡಿಯೋ ನೋಡಿದರೆ ಕ್ಲಬ್ಬು ಕೆಳಗೆ ಬರುವಾಗ ಕೈಗಿಂತ ಆಚೆ, ಬಾಲಿನ ಕಡೆಗೆ ಚಾಚಿಕೊಂಡು ಬರುತ್ತಿತ್ತು. ಇದಕ್ಕೇ ಓವರ್ ದಿ ಟಾಪ್ ಅನ್ನೋದು! ಹೊಸಬರ ದೊಡ್ಡ ರೋಗ ಇದೇ, ಬಾಲ್ ಬಲಕ್ಕೆ ಬಾಗಿ ಹೋಗುವ ಸ್ಲೈಸ್ ಹೊಡೆಯೋಕೆ ಕಾರಣ ಇದೇ ಅಂತ ಎಲ್ಲ ಕಡೆ ಹೇಳುತ್ತಾರೆ. ಕೋಚಿಗೆ ಕಳಿಸಿದೆ, ಅವರೂ 'ಸ್ವಲ್ಪ ಒಳಗಿಂದ ತನ್ನಿ ಮೇಡಂ' ಅಂದರು, ಅಂದರೆ ಕ್ಲಬ್ಬನ್ನು ಮೈ ಕಡೆಯಿಂದ. ಅವರ ತಪ್ಪಲ್ಲ, ನಾನು ಕಳಿಸಿದ ಚಿತ್ರದಲ್ಲಿ ಇದ್ದದ್ದೇ ಅದು.

ಒಳಗಿಂದ ತಂದೆ. ಇನ್ನೂ ಒಳಗಿಂದ ತಂದೆ. ಬಲ ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಕಂಕುಳಲ್ಲಿ ಟವೆಲ್ ಸಿಕ್ಕಿಸಿಕೊಂಡು, ದಿನಕ್ಕೆ 60 ಬಾಲ್. ಬಲೆಗೆ ಹೊಡೆಯುವಾಗ ಬಾಲ್ ಎಲ್ಲಿ ಹೋಯಿತು ಅಂತ ಗೊತ್ತಾಗೋದಿಲ್ಲ, ಅದೇ ಅಪಾಯ, ನಾನು ನಂಬಿದ್ದು ಪೂರ್ತಿ ವಿಡಿಯೋವನ್ನೇ. ಅತ್ತೆ ಮಾತ್ರ ಜಗಲಿಯಲ್ಲಿ ಮೆಣಸು ಬಿಡಿಸುತ್ತಾ ಒಂದು ದಿನ 'ಮೊದಲು ಠಣ್ ಅಂತಿತ್ತು, ಈಗ ದಬ್ ಅಂತದೆ' ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಬಾಲಿಗಿಂತ ಮೊದಲು ಮ್ಯಾಟಿಗೆ ಬಡಿಯುತ್ತಿದ್ದ ಸದ್ದು.

ಡಿಸೆಂಬರ್ ಬಂತು, ಕೊಯ್ಲು ಶುರುವಾಯಿತು, ಕಣದ ತುಂಬ ಕಾಫಿ. ಇನ್ನು ಅಲ್ಲಿ ಕ್ಲಬ್ ಬೀಸೋ ಮಾತೇ ಇಲ್ಲ. ಭಾನುವಾರ ಬೆಳಗ್ಗೆ ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ಬಿಗೆ ಹೋದೆವು. ಆ ದಿನ ನಾನು ಹೊಡೆದದ್ದನ್ನು ಬರೆಯೋಕೆ ನಾಚಿಕೆ. ಒಂದು ನೆಲ ಅಗೆಯುತ್ತದೆ, ಮುಂದಿನದು ನೇರ ಬಲಕ್ಕೆ ಕಾಡಿಗೆ, ಅದರ ಮುಂದಿನದು ಎಡಕ್ಕೆ ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ನಮ್ಮ ಜೊತೆಗಿದ್ದ, ಕ್ಲಬ್ಬಿನ ಚೀಲ ಹೊರುವ ಕ್ಯಾಡಿ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಆಟ ಮುಗಿದ ಮೇಲೆ ಮೆಲ್ಲಗೆ ಕೇಳಿದರು, 'ಅಕ್ಕ, ಯಾಕೆ ಇಷ್ಟು ಒಳಗಿಂದ ತರ್ತಿದ್ದೀರಿ? ಹೋದ ವರ್ಷ ಚೆನ್ನಾಗೇ ಹೊಡೀತಿದ್ರಿ.' ನಾನು ಸ್ವಲ್ಪ ಸಿಟ್ಟಿನಲ್ಲೇ ಫೋನ್ ತೆಗೆದು ಕಣದ ವಿಡಿಯೋ ತೋರಿಸಿದೆ, ನೋಡಿ ಹೇಗೆ ಹೊರಗಿಂದ ಬರುತ್ತಿತ್ತು ಅಂತ. ಅವರು ನನ್ನನ್ನು ನೋಡಲೇ ಇಲ್ಲ, ಹಿಂದಿದ್ದ ಮೆಟ್ಟಿಲು, ಗೋಡೆ ನೋಡಿದರು. 'ಫೋನ್ ನಿಮ್ಮ ಬೆನ್ನ ಕಡೆ ಕೂತಿದೆ ಅಕ್ಕ. ಅಲ್ಲಿಂದ ಯಾರು ಹೊಡೆದ್ರೂ ಹಂಗೇ ಕಾಣ್ತದೆ.'

ಆಮೇಲೆ ಅವರು ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಪ್ರಾಕ್ಟೀಸ್ ಮಾಡುವ ಕಡೆ ಬಂದು, ನನ್ನನ್ನು ಬಾಲ್ ಮುಂದೆ ನಿಲ್ಲಿಸಿ, ನನ್ನ ಕಾಲ್ಬೆರಳಿನ ತುದಿಗೆ ತಾಗಿಸಿ 7 ಐರನ್ ಅನ್ನೋ ಒಂದು ಕ್ಲಬ್ ಮಲಗಿಸಿದರು. ಅದರ ಬಾಲಕ್ಕೆ ಇನ್ನೊಂದು ಕ್ಲಬ್, ಅದರ ಬಾಲಕ್ಕೆ ಮತ್ತೊಂದು, ಹೀಗೆ ಹಿಂದಕ್ಕೆ ರೈಲು ಡಬ್ಬಿ ಜೋಡಿಸಿದ ಹಾಗೆ ಹತ್ತು ಅಡಿ. ಕೊನೆಯ ಕ್ಲಬ್ಬಿನ ತುದಿಯಿಂದ ಗೇಣಿನಷ್ಟು ಬಾಲಿನ ಕಡೆಗೆ ಸರಿದು ಸ್ಟ್ಯಾಂಡ್ ಇಟ್ಟರು, ಅದು ನನ್ನ ಕೈ ಇರುವ ಗೆರೆ. ಎತ್ತರ ಕೂಡ ಕೈ ಮಟ್ಟಕ್ಕೆ ಇಳಿಸಿದರು. ಫೋನಿನ ಮುಖ ನನ್ನ ಕಡೆಗಲ್ಲ, ಗುರಿಯ ಕಡೆಗೆ ನೇರವಾಗಿ. ಒಂದು ಹೊಡೆತ. ಆಮೇಲೆ ಸ್ಟ್ಯಾಂಡನ್ನು ನನ್ನ ಹಿಮ್ಮಡಿಯ ಆಚೆಗೆ ಎರಡು ಅಡಿ ಎಡಕ್ಕೆ ಸರಿಸಿ ಒಂದು, ಬಾಲಿನ ಗೆರೆಯಿಂದ ಆಚೆಗೆ ಬಲಕ್ಕೆ ಸರಿಸಿ ಒಂದು. ಮೂರನ್ನೂ ಮರದ ನೆರಳಲ್ಲಿ ಕೂತು ನೋಡಿದೆವು. ಎಡದಿಂದ ತೆಗೆದದ್ದರಲ್ಲಿ ನಾನು ಓವರ್ ದಿ ಟಾಪ್ ರೋಗಿ. ಬಲದಿಂದ ತೆಗೆದದ್ದರಲ್ಲಿ ಕ್ಲಬ್ಬು ಬೆನ್ನ ಹಿಂದೆ ಸಿಕ್ಕಿಹಾಕಿಕೊಂಡ ಹಾಗೆ. ಕೈಯ ಗೆರೆಯಿಂದ ತೆಗೆದದ್ದರಲ್ಲಿ ಒಳಗಿಂದ ಬರುತ್ತಿತ್ತು, ನನ್ನ ಎರಡು ತಿಂಗಳ ಸಾಧನೆ, ಬೇಡವಾದ ಸಾಧನೆ. ಹೊಡೆದವಳು ಒಬ್ಬಳೇ, ಹೊಡೆದದ್ದೂ ಹೆಚ್ಚು ಕಡಿಮೆ ಒಂದೇ ಥರ.

ಇದರಲ್ಲಿ ಮಾಯ ಏನಿಲ್ಲ. ಒಂದು ಬೆರಳನ್ನು ಮೂಗಿನ ಮುಂದೆ ಹಿಡಿದು ಎಡಗಣ್ಣು ಒಮ್ಮೆ, ಬಲಗಣ್ಣು ಒಮ್ಮೆ ಮುಚ್ಚಿ ನೋಡಿ. ಬೆರಳು ಅತ್ತಿಂದಿತ್ತ ಹಾರುತ್ತದೆ. ಕ್ಲಬ್ಬು ಕೆಳಗೆ ಬರುತ್ತಾ ನೆಲಕ್ಕೆ ಸಮನಾಗಿ ಮಲಗುವ ಹೊತ್ತಿಗೆ ಅದರ ತಲೆ ಫೋನಿಗೆ ಹತ್ತಿರ, ನಿಮ್ಮ ಕೈ ದೂರ. ಎಡದಿಂದ ನೋಡಿದರೆ ಹತ್ತಿರದ್ದು ಬಲಕ್ಕೆ, ಅಂದರೆ ಬಾಲಿನ ಕಡೆಗೆ ಸರಿದಂತೆ ಕಾಣುತ್ತದೆ. ಅಷ್ಟೇ. ನಾನು ಹೇಳಿದ್ದು ಬಲಗೈ ಆಟಗಾರರಿಗೆ, ಎಡಗೈಯವರು ಉಲ್ಟಾ ಮಾಡಿಕೊಳ್ಳಿ. ಈ ಕ್ಯಾಡಿಗಳ ಕಣ್ಣನ್ನು ನಾವು ಹಗುರವಾಗಿ ನೋಡುತ್ತೇವೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು, ನೆನಪಿರಲಿ. ಯಾವ ಆ್ಯಪ್ ಕೂಡ 'ನಿಮ್ಮ ಫೋನ್ ತಪ್ಪು ಜಾಗದಲ್ಲಿದೆ ಅಕ್ಕ' ಅಂತ ನನಗೆ ಹೇಳಿರಲಿಲ್ಲ.

ಆ್ಯಪ್ ಅಂದೆನಲ್ಲ, ಅದಕ್ಕೂ ಒಂದು ತಿಂಗಳು ದುಡ್ಡು ಕಟ್ಟಿದ್ದೆ. ಹೆಸರು ಬೇಡ. ಸ್ವಿಂಗ್ ಹಾಕಿದರೆ ತಾನೇ ಗೆರೆ ಎಳೆದು, ಅಸ್ಥಿಪಂಜರ ಬಿಡಿಸಿ, ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಎಡದಿಂದ ತೆಗೆದ ನನ್ನ ವಿಡಿಯೋಗಳಿಗೆ ಒಳಗಿಂದ ತಂದಷ್ಟೂ ಅಂಕ ಏರುತ್ತಲೇ ಹೋಯಿತು, ಬಾಲ್ ಮಾತ್ರ ಕಾಡಿಗೆ. ನಿಲ್ಲಿಸಿದೆ. ಈಗ ಫೋನಿನ ಗ್ಯಾಲರಿಯಲ್ಲೇ ಬೆರಳಲ್ಲಿ ಎಳೆದು ಒಂದೊಂದೇ ಫ್ರೇಮ್ ನೋಡುತ್ತೇನೆ. ಗೆರೆ ಬೇಕಾದರೆ ಮಗಳ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಟೆಂಪರ್ಡ್ ಗ್ಲಾಸಿನ ಮೇಲೇ ಎಳೆಯುತ್ತೇನೆ: ಬಾಲ್ ಮುಂದೆ ನಿಂತಾಗ ಶಾಫ್ಟ್ ಇರುವ ಓರೆಗೆ ಒಂದು, ತಲೆಯ ಸುತ್ತ ಒಂದು ಸೊನ್ನೆ. ನೋಡಿ ಆದ ಮೇಲೆ ಸೆರಗಿನಲ್ಲಿ ಒರೆಸಿದರೆ ಹೋಗುತ್ತದೆ. ಸ್ಕೆಚ್ ಪೆನ್ ಬಳಸಬೇಡಿ, ಒಂದು ಸಲ ಮಾಡಿ ಅನುಭವಿಸಿದ್ದೇನೆ.

ಸೆಟ್ಟಿಂಗಿನ ಕೆಲವು ವಿಷಯ ಬೇಗ ಬೇಗ ಹೇಳುತ್ತೇನೆ. ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿರಿ, ಸೆಲ್ಫಿ ಕ್ಯಾಮೆರಾ ಸ್ಕ್ರೀನಿನಲ್ಲಿ ಕನ್ನಡಿ ಥರ ಉಲ್ಟಾ ತೋರಿಸುತ್ತದೆ, ನಾನು ಎಡಗೈ ಆಟಗಾರ್ತಿ ಆಗಿಬಿಡುತ್ತೇನೆ. ಅರ್ಧ ಅಂತ ಬರುವ ಅಗಲದ ಲೆನ್ಸ್ ಬೇಡ, ಅಂಚಿನಲ್ಲಿ ಎಲ್ಲ ಹಿಗ್ಗುತ್ತದೆ, ಫೋನನ್ನೇ ಎರಡು ಹೆಜ್ಜೆ ಹಿಂದಿಡಿ. ಮೇಲೆ ಕ್ಲಬ್ಬು ಏರೋಕೆ ಜಾಗ ಬಿಡಿ. ಎದುರಿನಿಂದ ತೆಗೆಯುವಾಗ ಫೋನು ಎದೆ ಮಟ್ಟಕ್ಕೆ, ನಿಮ್ಮ ನಡುಭಾಗಕ್ಕೆ ನೇರ. ಆದರೆ ಆ ಕಡೆ ಇಟ್ಟರೆ ಒದ್ದೆ ನೆಲದಲ್ಲಿ ಮಣ್ಣು ಹಾರಿ ಲೆನ್ಸಿಗೆ ಬರುತ್ತದೆ, ಒರೆಸೋಕೆ ಬಟ್ಟೆ ಇರಲಿ. ಸ್ಟೋರೇಜ್ ನೋಡಿಕೊಳ್ಳಿ, ಐಫೋನಿನಲ್ಲಿ 1080 ಪಿ, 240 ಫ್ರೇಮ್ ಹಾಕಿದರೆ ಒಂದು ನಿಮಿಷಕ್ಕೆ ಸುಮಾರು 480 ಎಂಬಿ ನುಂಗುತ್ತದೆ. ಸಂಜೆಗೆ ಕೂತು ಎರಡು ಮೂರು ಹೊಡೆತ ಉಳಿಸಿ ಉಳಿದದ್ದು ಅಳಿಸಿಬಿಡಿ, ಒಳ್ಳೆಯದನ್ನೂ ಒಂದು ಇಟ್ಟುಕೊಳ್ಳಿ, ಬರೀ ಕೆಟ್ಟದ್ದನ್ನೇ ಸೇರಿಸಿಟ್ಟರೆ ಮನಸ್ಸು ಕೆಡುತ್ತದೆ. ಕೋಚಿಗೆ ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರೆ ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ, ಕ್ಲಬ್ಬೇ ಮಾಯ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಈಗ ನಾನು ಜೊತೆಗೆ ಸ್ಟ್ಯಾಂಡ್ ಎಲ್ಲಿಟ್ಟಿದ್ದೆ ಅಂತ ಒಂದು ಫೋಟೊ ಕೂಡ ಕಳಿಸುತ್ತೇನೆ, ಕೋಚೇ ಕೇಳಿದ್ದು. ಇನ್ನೊಂದು, ಇದೆಲ್ಲ ಪ್ರಾಕ್ಟೀಸಿಗೆ ಮಾತ್ರ. ಸ್ಪರ್ಧೆಯ ರೌಂಡಿನ ಮಧ್ಯೆ ತನ್ನ ಹೊಡೆತದ ವಿಡಿಯೋ ನೋಡಿ ಸರಿ ಮಾಡಿಕೊಳ್ಳೋಕೆ ರೂಲ್ಸ್ ಬಿಡೋದಿಲ್ಲ.

ಫ್ರೀ ಬಂದ ರಿಮೋಟ್ ಬಗ್ಗೆ ಹೇಳೋದಾದರೆ, ಫ್ರೀ ಬಂದದ್ದಕ್ಕೆ ತಕ್ಕ ಹಾಗಿದೆ. ಒತ್ತಿದರೆ ಫೋನಿಗೆ ವಾಲ್ಯೂಮ್ ಬಟನ್ ಒತ್ತಿದ ಹಾಗೆ, ರೆಕಾರ್ಡಿಂಗ್ ಶುರು. ಕೈಯಲ್ಲಿ ಗ್ಲೌಸ್ ಇದ್ದರೆ ಒತ್ತಿದ್ದು ಗೊತ್ತಾಗೋದಿಲ್ಲ, ಎರಡು ಸಲ ಒತ್ತಿ ಶುರುವಾದದ್ದು ನಿಂತು, ಹತ್ತು ಚಂದದ ಹೊಡೆತ ಗಾಳಿಗೆ ಹೋಗಿವೆ. ಒಳಗಿನ ಬಿಲ್ಲೆ ಸೆಲ್ ಕೂಡ ನಾಲ್ಕನೇ ತಿಂಗಳಿಗೆ ಮುಗಿಯಿತು, ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ನಾನೀಗ ರಿಮೋಟ್ ಬಿಟ್ಟು, ಒಮ್ಮೆ ಶುರು ಮಾಡಿ ಐದು ಬಾಲ್ ಹೊಡೆದು ನಿಲ್ಲಿಸುತ್ತೇನೆ.

ಕಡೆಗೆ ಆ ಒಂದು ಅಂಕ. ಸ್ಟ್ಯಾಂಡಿನ ಕಾಲುಗಳ ಬುಡಕ್ಕೆ ರಬ್ಬರ್ ಟೊಪ್ಪಿ ಇದೆ, ಅಂಟು ಸರಿಯಿಲ್ಲ. ಅಕ್ಟೋಬರಿನ ಕೆಸರಿನಲ್ಲಿ ಒಂದು ಕಾಲನ್ನು ಎಳೆದಾಗ ಟೊಪ್ಪಿ ಕೆಸರಿನಲ್ಲೇ ಉಳಿಯಿತು, ಹುಡುಕಿದರೂ ಸಿಗಲಿಲ್ಲ. ಅಲ್ಲಿಂದ ಸಿಮೆಂಟ್ ಕಣದ ಮೇಲೆ ಆ ಕಾಲು ಜಾರೋದು, ರಸಮಟ್ಟದ ಗುಳ್ಳೆ ಓಡಿಹೋಗೋದು. ಅಂಗಡಿಯಲ್ಲಿ ಕೇಳಿದರೆ ಬಿಡಿಯಾಗಿ ಬರೋದಿಲ್ಲ ಅಂದರು. ತಿಂಗಳು ಗಟ್ಟಲೆ ಬಟ್ಟೆ ಸುತ್ತಿ ಇಟ್ಟೆ. ಮೊನ್ನೆ ಅತ್ತೆಗೆ ಮಾತ್ರೆ ತರೋಕೆ ಮೆಡಿಕಲ್ ಶಾಪಿಗೆ ಹೋದಾಗ ಊರುಗೋಲಿನ ಬುಡಕ್ಕೆ ಹಾಕುವ ರಬ್ಬರ್ ಕಣ್ಣಿಗೆ ಬಿತ್ತು. 30 ರೂಪಾಯಿಗೆ ಒಂದು. ಸ್ವಲ್ಪ ದೊಡ್ಡದು, ಒಳಗೆ ಸೈಕಲ್ ಟ್ಯೂಬಿನ ಚೂರು ಸುತ್ತಿ ಗಟ್ಟಿಯಾಗಿ ತುರುಕಿದೆ. ಮೂರು ಕಾಲಿಗೂ ಅದನ್ನೇ ಹಾಕಿದ್ದೇನೆ, ಮೂಲದ್ದಕ್ಕಿಂತ ಇದೇ ಚೆನ್ನಾಗಿ ಹಿಡಿಯುತ್ತಿದೆ.